ಐಚ್ಛಿಕ ವಿಷಯದ ಆಯ್ಕೆ ಮತ್ತು ಲಕ್ಕಮ್ಮನ ಅಳತೆ

ವಿನ್ಯಾಸ ಮತ್ತು ನಾವೀನ್ಯವನ್ನು ಕಲಿಸುವ ಸ್ನಾತಕೋತ್ತರ ತರಗತಿಗಳಲ್ಲಿ ಎಲ್ಲರೂ ಓದಲೇಬೇಕಾದ ಕಡ್ಡಾಯ ವಿಷಯಗಳ ಜೊತೆಗೆ, ವಿದ್ಯಾರ್ಥಿಗಳು ತಾವೇ ಆರಿಸಿಕೊಳ್ಳಬಹುದಾದ ಕೆಲವು ವಿಷಯಗಳಿರುತ್ತವೆ. ಅವುಗಳನ್ನು ಐಚ್ಛಿಕ ವಿಷಯಗಳೆಂದು ಕರೆಯುತ್ತಾರೆ. ಒಂದು ವಸ್ತುವನ್ನೋ ಸೇವೆಯನ್ನೋ ವ್ಯವಸ್ಥೆಯನ್ನೋ ಬಳಸುವವರ ಕಷ್ಟವನ್ನು ಅರಿತು, ಅದಕ್ಕೆ ತಕ್ಕ ಹೊಸ ರೂಪವನ್ನು ಕೊಡುವುದೇ ಇಲ್ಲಿ ವಿನ್ಯಾಸವೆನಿಸಿಕೊಳ್ಳುವುದರಿಂದ, ಆ ಪಟ್ಟಿಯಲ್ಲಿ ಯಂತ್ರಶಾಸ್ತ್ರದಿಂದ ಮನಶ್ಶಾಸ್ತ್ರದವರೆಗೆ, ನೇಯ್ಗೆಯಿಂದ ಕಂಪ್ಯೂಟರಿನವರೆಗೆ ಯಾವ ವಿಷಯ ಬೇಕಾದರೂ ಬರಬಹುದು. ಆಯ್ಕೆ ಮಾಡುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ: ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ, ಇದು ಮನಸ್ಸಿಗೆ ಹಿಡಿಸುತ್ತದೆಯೇ. ಈ ಎರಡು ಪ್ರಶ್ನೆಗಳೂ ಸಹಜವಾದವು, ಆದರೆ ಎರಡೂ ಸೇರಿದರೂ ಸಾಲುವುದಿಲ್ಲ. ಕಲಿಕೆಯ ಆಯ್ಕೆಯನ್ನು ಅಳೆಯುವ ಬೇರೆ ಅಳತೆಗಳು ಧರ್ಮಚಿಂತನೆಯಲ್ಲಿ ಇವೆ, ಅವುಗಳಲ್ಲಿ ಕೆಲವು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನೆಲದಲ್ಲಿಯೇ ಇವೆ ಎಂಬುದು ಇಲ್ಲಿ ಮುಂದಿಡುವ ವಾದ.

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಪದವೀಧರರಿಗೆ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗಿ ಎದುರಾಗುತ್ತದೆ. ವಿನ್ಯಾಸದ ಸ್ನಾತಕೋತ್ತರ ಶಿಕ್ಷಣವನ್ನು ಬಯಸುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ಅಥವಾ ಹೈದರಾಬಾದಿನ ಐಐಟಿಯಂಥ ದೂರದ ಕೇಂದ್ರಗಳ ಕಡೆ ನೋಡಬೇಕಾಗುತ್ತದೆ. ಇಂಥ ಕೋರ್ಸುಗಳಿಗೆ ಬಾಗಿಲಾಗಿರುವ, ಮುಂಬೈ ಐಐಟಿ ನಡೆಸುವ ಸೀಡ್ ಪರೀಕ್ಷೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿಯು ಶಿಕ್ಷಣದಲ್ಲಿ ಕೊಡುವ ಮೀಸಲಾತಿ ರಾಯಚೂರನ್ನೂ ಒಳಗೊಂಡ ಕಲ್ಯಾಣ ಕರ್ನಾಟಕದ ಒಳಗಿರುವ ಸಂಸ್ಥೆಗಳನ್ನು ಉದ್ದೇಶಿಸಿದ್ದರಿಂದ, ಈ ದೂರದ ಕೇಂದ್ರಗಳ ಮಟ್ಟಿಗೆ ಅದರ ನೆರವು ಒದಗುವುದಿಲ್ಲ. ಇಷ್ಟನ್ನೆಲ್ಲ ದಾಟಿ ಒಳಗೆ ಕಾಲಿಟ್ಟ ವಿದ್ಯಾರ್ಥಿಯ ಮುಂದೆ ಐಚ್ಛಿಕ ವಿಷಯಗಳ ಪಟ್ಟಿ ಬಂದಾಗ, ಅಲ್ಲಿಯವರೆಗೆ ಅವಕಾಶಕ್ಕಾಗಿ ಹೋರಾಡಿದ್ದವರು ಮೊದಲ ಬಾರಿಗೆ ಅವಕಾಶಗಳ ನಡುವೆ ಆರಿಸಬೇಕಾಗುತ್ತದೆ. ಇಲ್ಲದಿರುವುದನ್ನು ಪಡೆಯುವ ಶ್ರಮ ಒಂದು ಬಗೆಯದು. ಎದುರಿಗಿರುವ ಹಲವುಗಳಲ್ಲಿ ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವ ವಿವೇಕ ಇನ್ನೊಂದು ಬಗೆಯದು, ಮೊದಲನೆಯದು ಇದ್ದವರಿಗೆಲ್ಲ ಎರಡನೆಯದೂ ತಾನಾಗಿ ಬರುತ್ತದೆ ಎನ್ನುವಂತಿಲ್ಲ.

ಭಾರತೀಯ ತತ್ತ್ವಶಾಸ್ತ್ರದಲ್ಲಿ ಆಯ್ಕೆಯ ಮಾತು ಬಂದೊಡನೆ ನೆನಪಾಗುವುದು ಕಠೋಪನಿಷತ್ತು. ಅಲ್ಲಿ ಯಮನು ಬಾಲಕ ನಚಿಕೇತನಿಗೆ, ಶ್ರೇಯಸ್ಸು ಅಂದರೆ ನಿಜವಾಗಿ ಒಳಿತಾದುದು ಮತ್ತು ಪ್ರೇಯಸ್ಸು ಅಂದರೆ ಹಿತವೆನಿಸುವುದು ಎರಡೂ ಮನುಷ್ಯನ ಬಳಿಗೆ ಬರುತ್ತವೆಂದೂ, ವಿವೇಕಿಯು ಅವೆರಡನ್ನು ಬೇರ್ಪಡಿಸಿ ಮೊದಲನೆಯದನ್ನು ಆರಿಸುತ್ತಾನೆಂದೂ ತಿಳಿಸುತ್ತಾನೆ. ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಬರುವ ಈ ಭಾಗವನ್ನು ಎಲ್ಲರೂ ಬಲ್ಲರು; ಅದಕ್ಕೆ ಮೊದಲು ನಡೆಯುವ ಸಂಗತಿಯನ್ನು ಮಾತ್ರ ಹೆಚ್ಚಿನವರು ಗಮನಿಸಿದಂತಿಲ್ಲ. ನಚಿಕೇತನಿಗೆ ದೊರೆತ ವರಗಳು ಮೂರು. ಮೊದಲನೆಯದರಲ್ಲಿ ಅವನು ಕೋಪಗೊಂಡಿದ್ದ ತಂದೆಯ ಮನಸ್ಸು ತಿಳಿಯಾಗಲೆಂದು ಕೇಳುತ್ತಾನೆ. ಎರಡನೆಯದರಲ್ಲಿ ಸ್ವರ್ಗಸಾಧನವಾದ ಅಗ್ನಿಯ ವಿದ್ಯೆಯನ್ನು ಕೇಳುತ್ತಾನೆ. ಯಮನು ಆಗ ಯಜ್ಞವೇದಿಕೆಗೆ ಎಂಥ ಇಟ್ಟಿಗೆಗಳು ಬೇಕು, ಎಷ್ಟು ಬೇಕು, ಅವನ್ನು ಹೇಗೆ ಜೋಡಿಸಬೇಕು ಎಂಬುದನ್ನು ಹೇಳಿಕೊಡುತ್ತಾನೆ, ಹುಡುಗನು ಕೇಳಿದ್ದನ್ನು ಹಾಗೆಯೇ ಮರಳಿ ಒಪ್ಪಿಸಿದಾಗ ಸಂತೋಷಪಟ್ಟು ಆ ಅಗ್ನಿಗೆ ಅವನ ಹೆಸರನ್ನೇ ಇಡುತ್ತಾನೆ. ಸಾವಿನಾಚೆಗೆ ಏನಿದೆ ಎಂಬ ಪ್ರಶ್ನೆ ಬರುವುದು ಮೂರನೆಯದರಲ್ಲಿ.

ಹೀಗೆ ನೋಡಿದರೆ ಕಠೋಪನಿಷತ್ತಿನ ಮೂರು ವರಗಳ ನಡುವೆ ಇರುವುದು ಒಂದು ಕಟ್ಟುವ ವಿದ್ಯೆ, ಅಳತೆ ಮತ್ತು ಜೋಡಣೆಯ ವಿದ್ಯೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ವಿನ್ಯಾಸವೇ. ಉಪನಿಷತ್ತು ಅದನ್ನು ಪ್ರೇಯಸ್ಸಿನ ಪಾಲಿಗೆ ತಳ್ಳುವುದಿಲ್ಲ. ಯಮನು ಪ್ರಲೋಭನೆಯಾಗಿ ಮುಂದೊಡ್ಡುವುದು ಆನೆ, ಕುದುರೆ, ಬಂಗಾರ, ದೀರ್ಘಾಯುಷ್ಯಗಳನ್ನೇ ಹೊರತು ಇಟ್ಟಿಗೆಯ ವಿದ್ಯೆಯನ್ನಲ್ಲ. ಆದುದರಿಂದ ಕೈಕೆಲಸದ ವಿಷಯವು ಹಗುರ, ತತ್ತ್ವದ ವಿಷಯವು ಗುರು ಎಂಬ ಎಣಿಕೆಗೆ ಈ ಉಪನಿಷತ್ತಿನಲ್ಲಿ ಆಧಾರವಿಲ್ಲ; ಸಂಬಂಧವನ್ನು ಸರಿಪಡಿಸಿಕೊಂಡವನು ಕಟ್ಟುವ ವಿದ್ಯೆಗೆ ಬರುತ್ತಾನೆ, ಕಟ್ಟುವ ವಿದ್ಯೆಯನ್ನು ಒಪ್ಪಿಸಿದವನು ಪರಮ ಪ್ರಶ್ನೆಗೆ ಬರುತ್ತಾನೆ ಎಂಬ ಕ್ರಮವೇ ಅಲ್ಲಿ ಕಾಣುತ್ತದೆ. ಮಾರುಕಟ್ಟೆಯ ಲೆಕ್ಕ, ಮನಸ್ಸಿನ ಒಲವು ಎರಡನ್ನೂ ಪ್ರೇಯಸ್ಸೆಂದು ಸಾರಾಸಗಟಾಗಿ ತಿರಸ್ಕರಿಸುವವರಿಗೂ ಇದು ಉತ್ತರವಾದೀತು. ಶೈವ ದರ್ಶನಗಳಂತೂ ಇಚ್ಛೆಯನ್ನು ಜ್ಞಾನ, ಕ್ರಿಯೆಗಳೊಡನೆ ಶಿವನ ಶಕ್ತಿಗಳಲ್ಲಿ ಒಂದೆಂದು ಎಣಿಸುತ್ತವೆ. ಬಯಕೆಯೇ ಇಲ್ಲದೆ ಅರಿವೂ ಹುಟ್ಟದು, ಕೆಲಸವೂ ನಡೆಯದು ಎಂಬುದು ಆ ಎಣಿಕೆಯ ಇಂಗಿತ.

ಒಲವಿನ ಜೊತೆಗೆ ಬರುವ ಇನ್ನೊಂದು ಅಪಾಯವನ್ನು ಛಾಂದೋಗ್ಯ ಉಪನಿಷತ್ತು ತೋರಿಸುತ್ತದೆ. ಸನತ್ಕುಮಾರನ ಬಳಿಗೆ ಬಂದ ನಾರದನು ತಾನು ಕಲಿತ ವಿದ್ಯೆಗಳನ್ನು ಒಂದೊಂದಾಗಿ ಹೇಳುತ್ತಾನೆ: ವೇದಗಳು, ಇತಿಹಾಸ ಪುರಾಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ ಮುಂತಾಗಿ ಆ ಪಟ್ಟಿ ಉದ್ದವಾಗಿದೆ. ಇಷ್ಟನ್ನು ಬಲ್ಲವನಾದರೂ ತನ್ನ ದುಃಖ ನೀಗಿಲ್ಲವೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಅಂಕಪಟ್ಟಿಯಲ್ಲಿ ವಿಷಯಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಲಿತವನು ಬದಲಾಗುವುದಿಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು.

ಆದರೆ ಈ ಎರಡು ಉಪನಿಷತ್ತುಗಳ ಸುತ್ತ ಬೆಳೆದ ಪರಂಪರೆಯೊಳಗೆ ಒಂದು ಕಠಿಣ ತೊಡಕು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಧಿಕಾರ ಎಂಬ ಪರಿಭಾಷೆ ಅಲ್ಲಿ ಒಂದು ವಿದ್ಯೆಯನ್ನು ಕಲಿಯಲು ಇರಬೇಕಾದ ಅರ್ಹತೆಯನ್ನು ಸೂಚಿಸುತ್ತದೆ. ಬ್ರಹ್ಮಸೂತ್ರದ ಮೊದಲ ಅಧ್ಯಾಯದಲ್ಲಿ ಬರುವ ಅಪಶೂದ್ರಾಧಿಕರಣವು ಈ ಅರ್ಹತೆಯನ್ನು ಹುಟ್ಟಿನೊಡನೆ ಬೆಸೆದು, ಶೂದ್ರರಿಗೆ ವೇದವಿದ್ಯೆಯ ಅಧಿಕಾರವಿಲ್ಲವೆಂದು ತೀರ್ಮಾನಿಸಿತು. ಸ್ವಧರ್ಮವೆಂಬ ಉನ್ನತ ಕಲ್ಪನೆಯೂ ಕುಲಕಸುಬನ್ನು ಬಿಟ್ಟು ಬೇರೇನನ್ನೂ ಕಲಿಯಬಾರದೆಂಬ ಕಟ್ಟಳೆಯಾಗಿ ಬಳಕೆಯಾದದ್ದುಂಟು. ಆರಿಸುವ ಹಕ್ಕೇ ಇಲ್ಲದವರಿಗೆ ಶ್ರೇಯಸ್ಸು, ಪ್ರೇಯಸ್ಸುಗಳ ವಿವೇಚನೆಯನ್ನು ಬೋಧಿಸುವುದರಲ್ಲಿ ಏನು ಅರ್ಥವಿದೆ ಎಂಬ ಪ್ರಶ್ನೆಗೆ ಆ ಪರಂಪರೆ ತೃಪ್ತಿಕರವಾದ ಉತ್ತರವನ್ನು ಕೊಟ್ಟಿಲ್ಲ.

ಉತ್ತರವು ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಬಂಗಾರದ ನಿಕ್ಷೇಪಗಳನ್ನು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಈ ಲಘು ಶಿಲಾಶಾಸನದಲ್ಲಿ, ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಶಾಸನಗಳಲ್ಲಿ ಕಾಣುತ್ತಿದ್ದ ಅರಸನ ಹೆಸರು ಅಶೋಕನೆಂದು ಸ್ಪಷ್ಟವಾಗಿ ದೊರೆಯಿತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಇತಿಹಾಸದ ಪಾಠಗಳಲ್ಲಿ ಮಸ್ಕಿಯ ಹಿರಿಮೆ ಈ ಹೆಸರಿನ ಶೋಧದೊಂದಿಗೇ ಮುಗಿದುಬಿಡುತ್ತದೆ, ಅದು ಖೇದದ ಸಂಗತಿ. ಏಕೆಂದರೆ ಶಾಸನದ ತಿರುಳು ಹೆಸರಿನಲ್ಲಿ ಇಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದು ತಿಳಿಸುವ ಅರಸನು, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದರ ಎತ್ತರವನ್ನು ಮುಟ್ಟಲು ಸಾಧ್ಯವಿದೆಯೆಂದೂ, ದೊಡ್ಡವರಿಗೆ ಮಾತ್ರ ಇದು ದಕ್ಕುವುದೆಂದು ಯಾರೂ ಭಾವಿಸಬಾರದೆಂದೂ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಬೇಕೆಂದೂ ಬರೆಸಿದ್ದಾನೆ. ಇದೇ ಶಾಸನದ ಬೇರೆ ಪ್ರತಿಗಳಲ್ಲಿ, ಮೊದಲ ವರ್ಷ ತಾನು ಸಾಕಷ್ಟು ಶ್ರಮಪಟ್ಟಿರಲಿಲ್ಲವೆಂಬ ಮಾತೂ ಇದೆ. ಇಲ್ಲಿ ಅರ್ಹತೆಯನ್ನು ಹುಟ್ಟು ನಿರ್ಧರಿಸುವುದಿಲ್ಲ, ತೊಡಗುವಿಕೆ ನಿರ್ಧರಿಸುತ್ತದೆ. ಆಯ್ಕೆಯೂ ಅರ್ಜಿಯ ಮೇಲೆ ಗುರುತು ಹಾಕಿದ ದಿನಕ್ಕೆ ಮುಗಿಯದೆ, ಆಮೇಲಿನ ಶ್ರಮದಲ್ಲಿ ಪೂರ್ಣಗೊಳ್ಳುತ್ತದೆ. ಮಸ್ಕಿಯ ಸರ್ಕಾರಿ ಶಾಲೆಯಲ್ಲಿ ಓದಿ ದೊಡ್ಡ ಸಂಸ್ಥೆಯೊಂದಕ್ಕೆ ಹೋದ ವಿದ್ಯಾರ್ಥಿನಿಯೊಬ್ಬಳು, ಕಠಿಣವೆಂದು ಹೆಸರಾದ ವಿಷಯವನ್ನು ಅದು ತನ್ನಂಥವರಿಗಲ್ಲವೆಂದು ಬಿಡುವುದಾದರೆ, ಅವಳ ಊರಿನ ಬಂಡೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ನಿರಾಕರಿಸಿದ ಮಾತನ್ನು ಅವಳು ಒಪ್ಪಿಕೊಂಡಂತಾಗುತ್ತದೆ.

ಅಶೋಕನ ಇನ್ನೊಂದು ಮಾತು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಗುಡಿಯೊಂದರಲ್ಲಿ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲು ಶಾಸನವೆಂದು ಆಮೇಲೆ ಗೊತ್ತಾಯಿತು. ಅದರಲ್ಲಿ ಉಳಿದಿರುವ ಭಾಗಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ಬೇರೆ ಕಡೆಗಳಲ್ಲಿ ಪೂರ್ಣವಾಗಿ ದೊರೆತಿರುವ ಈ ಶಾಸನವು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು, ಅಂದರೆ ಪರರ ಮಾತನ್ನು ಕೇಳಿ ಅರಿತವರಾಗಬೇಕು ಎಂದು ಬಯಸುತ್ತದೆ; ತನ್ನ ಪಂಥವನ್ನಷ್ಟೇ ಹೊಗಳಿ ಇತರರನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎನ್ನುತ್ತದೆ. ನಾರದನ ಬಹುವಿದ್ಯೆಗೂ ಈ ಬಹುಶ್ರುತತೆಗೂ ನಡುವೆ ಇರುವ ಅಂತರ ದೊಡ್ಡದು. ಮೊದಲನೆಯದು ಕಲಿಯುವವನ ಸಂಗ್ರಹವನ್ನು ಹೆಚ್ಚಿಸುತ್ತದೆ, ಎರಡನೆಯದು ಅವನನ್ನು ಎದುರಿನವರ ಮುಂದೆ ಕೂರಿಸುತ್ತದೆ. ವಿನ್ಯಾಸದ ವಿದ್ಯಾರ್ಥಿಗೆ ಬೇಕಾದುದು ಎರಡನೆಯದು. ಏಕೆಂದರೆ ಗಾಲಿಕುರ್ಚಿಯನ್ನು ರೂಪಿಸುವವರು ನಡೆಯಬಲ್ಲವರಾಗಿರುತ್ತಾರೆ, ಕೂರಿಗೆಯನ್ನು ಸುಧಾರಿಸುವವರು ಬಿತ್ತದವರಾಗಿರುತ್ತಾರೆ, ತಮ್ಮದಲ್ಲದ ಬದುಕನ್ನು ಕೇಳಿಸಿಕೊಳ್ಳುವುದೇ ಆ ಕಸುಬಿನ ಮೊದಲ ಪಾಠವಾಗಿರುತ್ತದೆ. ಹಾಗೆಂದು ಎಲ್ಲವನ್ನೂ ಕೇಳುತ್ತ ಕೂರಲಾಗದು ಎಂಬುದೂ ಅಶೋಕನಿಗೆ ತಿಳಿದಿತ್ತು. ರಾಜಸ್ಥಾನದ ಬೈರಾಟಿನಲ್ಲಿ ದೊರೆತ ಶಾಸನದಲ್ಲಿ ಅವನು, ಬುದ್ಧನು ಹೇಳಿದ್ದೆಲ್ಲವೂ ಒಳ್ಳೆಯದೇ ಎಂದು ಒಪ್ಪಿ, ಭಿಕ್ಷುಗಳೂ ಗೃಹಸ್ಥರೂ ಪದೇ ಪದೇ ಕೇಳಬೇಕಾದವೆಂದು ಏಳೇ ಏಳು ಪಾಠಗಳನ್ನು ಹೆಸರಿಸಿದ್ದಾನೆ.

ಭಾರತದ ಆಧುನಿಕ ವಿನ್ಯಾಸ ಶಿಕ್ಷಣದ ಹುಟ್ಟಿನಲ್ಲಿಯೂ ಒಂದು ಧರ್ಮಗ್ರಂಥವಿದೆ ಎಂಬುದು ಇಲ್ಲಿ ಗಮನಾರ್ಹ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು; ಮನೆಮನೆಯ ಲೋಟಾ ಅಂದರೆ ನೀರಿನ ತಂಬಿಗೆಯನ್ನು ಉತ್ತಮ ವಿನ್ಯಾಸದ ಮಾದರಿಯೆಂದು ಕೊಂಡಾಡಿದ ಆ ವರದಿ ಆರಂಭವಾಗುವುದೇ ಭಗವದ್ಗೀತೆಯ ಕರ್ಮಯೋಗದ ಮಾತುಗಳಿಂದ. ಕೆಲಸದಲ್ಲಿ ಅಧಿಕಾರವುಂಟು, ಫಲದಲ್ಲಿ ಇಲ್ಲ ಎಂಬ ಈ ಬೋಧೆಯನ್ನು ವಿನ್ಯಾಸಕ್ಕೆ ಅನ್ವಯಿಸುವಾಗ ಎಚ್ಚರ ಬೇಕು. ಸಿಂಧನೂರು ಭಾಗದ ಗದ್ದೆಗಳ ಜೀವನಾಡಿಯಾದ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನಿನ ಕೊಂಡಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ಜಲಾಶಯದ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ನೀರನ್ನು ತಡೆಯಲಾಯಿತು. ಒಂದು ಕೊಂಡಿಯ ಸೋಲು ಲಕ್ಷಾಂತರ ಎಕರೆಯ ಬೆಳೆಯ ಚಿಂತೆಯಾಗುವ ಇಂಥ ಕಡೆ, ಫಲದ ಬಗ್ಗೆ ಯೋಚಿಸದೆ ಕೆಲಸ ಮಾಡುವುದು ಪುಣ್ಯವಲ್ಲ, ಅಪರಾಧ. ಗೀತೆಯು ಬಿಡಲು ಹೇಳುವುದು ಮಾಡಿದವನಿಗೆ ಬರುವ ಫಲದ ಮೋಹವನ್ನು. ಇತರರಿಗೆ ಆಗುವ ಫಲವನ್ನು ಅದು ಲೋಕಸಂಗ್ರಹ ಅಂದರೆ ಲೋಕವನ್ನು ಒಟ್ಟಾಗಿ ಕಾಯುವ ಹೊಣೆ ಎಂಬ ಹೆಸರಿನಿಂದ ಕರ್ತನ ಹೆಗಲಿಗೇ ಹೊರಿಸುತ್ತದೆ. ಐಚ್ಛಿಕ ವಿಷಯದ ಆಯ್ಕೆಯಲ್ಲಿ ಇದರ ಅರ್ಥ ನಿರ್ದಿಷ್ಟವಾಗಿದೆ: ಹೊಸದನ್ನು ಹುಟ್ಟಿಸುವ ವಿಷಯಗಳಿಗೆ ಹೆಸರು, ಬಹುಮಾನಗಳು ಬೇಗ ದೊರೆಯುತ್ತವೆ, ಇದ್ದುದನ್ನು ಕಾಯ್ದುಕೊಳ್ಳುವ, ರಿಪೇರಿಯ, ಸುರಕ್ಷತೆಯ, ಸವೆತದ ವಿಷಯಗಳಿಗೆ ಅವು ದೊರೆಯುವುದಿಲ್ಲ, ನಿಷ್ಕಾಮವೆಂಬುದು ಎರಡನೆಯದನ್ನು ಆರಿಸುವ ಧೈರ್ಯದಲ್ಲಿ ಪರೀಕ್ಷೆಗೊಳಗಾಗುತ್ತದೆ.

ಈ ಚರ್ಚೆಯಲ್ಲಿ ಅತ್ಯಂತ ಉಪಯುಕ್ತವಾದ ಅಳತೆ ಮಾತ್ರ ಅರಸನಿಂದಲೂ ಬಂದಿಲ್ಲ, ಋಷಿಯಿಂದಲೂ ಬಂದಿಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆನ್ನಲಾದ ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ನಡೆಸುವುದನ್ನು ಕಾಯಕವಾಗಿ ಮಾಡಿಕೊಂಡಿದ್ದರು. ಶರಣರ ಪರಿಭಾಷೆಯಲ್ಲಿ ಕಾಯಕವೆಂದರೆ ದುಡಿಮೆಯನ್ನೇ ಪೂಜೆಯಾಗಿ ನಡೆಸುವುದು, ದಾಸೋಹವೆಂದರೆ ದುಡಿದದ್ದನ್ನು ಸಮುದಾಯಕ್ಕೆ ಸಲ್ಲಿಸುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅದನ್ನು ಒಳಗಿಡಲು ಒಪ್ಪದೆ, ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಇದ್ದಲ್ಲಿಗೇ ಸುರಿದು ಬರಬೇಕೆಂದು ಹಿಂದಿರುಗಿಸುತ್ತಾಳೆ. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ಶ್ರಮದಿಂದ ಆಯ್ದದ್ದೇ. ಆದರೂ ಅಗತ್ಯವನ್ನು ಮೀರಿದ ಕೂಡಲೇ ಅದು ಕಾಯಕವಾಗಿ ಉಳಿಯದೆ ಆಸೆಯಾಗುತ್ತದೆ ಎಂಬುದು ಅವಳ ತೀರ್ಪು.

ಕಲಿಕೆಗೂ ಈ ತೀರ್ಪು ಸಲ್ಲುತ್ತದೆ. ಒಳ್ಳೆಯದನ್ನು ಎಷ್ಟು ತೆಗೆದುಕೊಂಡರೂ ಒಳ್ಳೆಯದೇ ಎಂಬ ನಂಬಿಕೆಯಿಂದ, ಸೆಮಿಸ್ಟರಿಗೆ ಅನುಮತಿಯಿರುವ ಮಿತಿಯವರೆಗೂ ವಿಷಯಗಳನ್ನು ತುಂಬಿಕೊಳ್ಳುವ ವಿದ್ಯಾರ್ಥಿ ಯಾವ ನಿಯಮವನ್ನೂ ಮುರಿದಿರುವುದಿಲ್ಲ. ಆದರೆ ಪ್ರತಿಯೊಂದಕ್ಕೂ ಸಲ್ಲಬೇಕಾದ ಸಮಯವನ್ನು ಇನ್ನೊಂದರಿಂದ ಕಿತ್ತುಕೊಂಡು, ಕಡೆಗೆ ಯಾವುದನ್ನೂ ಇತರರಿಗೆ ಸಲ್ಲಿಸುವಷ್ಟು ಪಕ್ವವಾಗಿ ಕಲಿತಿರುವುದಿಲ್ಲ. ಇಲ್ಲಿ ಬೇಕಾದಷ್ಟು ಎಂಬುದನ್ನು ನಿರ್ಧರಿಸುವುದು ಹೇಗೆ? ಲಕ್ಕಮ್ಮನ ಮನೆಯಲ್ಲಿ ಅದನ್ನು ನಿರ್ಧರಿಸುತ್ತಿದ್ದುದು ಗಂಡ ಹೆಂಡತಿಯ ಹಸಿವಾಗಿರಲಿಲ್ಲ, ಅಂದಿನ ದಾಸೋಹವಾಗಿತ್ತು. ಹಾಗೆಯೇ ಕಲಿತದ್ದನ್ನು ಯಾರಿಗೆ ಸಲ್ಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆತರೆ, ಏನನ್ನು ಕಲಿಯಬೇಕು ಮತ್ತು ಎಷ್ಟನ್ನು ಕಲಿಯಬೇಕು ಎಂಬ ಎರಡಕ್ಕೂ ಉತ್ತರ ಸಿಕ್ಕಂತೆಯೇ. ಇದೇ ದಂಪತಿಯ ಬಗ್ಗೆ ಇರುವ ಇನ್ನೊಂದು ಪ್ರಸಂಗವೂ ಮುಖ್ಯವಾದದ್ದು: ಅನುಭಾವದ ಅಂದರೆ ಆಧ್ಯಾತ್ಮಿಕ ಅನುಭವದ ಮಾತುಕತೆಯಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳೂ ಲಕ್ಕಮ್ಮನೇ. ನಾವೀನ್ಯದ ಬಗ್ಗೆ ಮಾತಾಡುವುದನ್ನು ಕಲಿಸುವ ವಿಷಯಗಳು ಈಗ ಹೇರಳವಾಗಿವೆ, ಒಂದು ಕೊಂಡಿಯನ್ನು ಸರಿಯಾಗಿ ಬೆಸೆಯುವುದನ್ನು ಕಲಿಸುವ ವಿಷಯಗಳಿಗೆ ವಿದ್ಯಾರ್ಥಿಗಳು ಸಿಗುವುದು ಕಷ್ಟ. ಅವಳ ಎಚ್ಚರಿಕೆ ಈ ಕಾಲಕ್ಕೂ ಬೇಕಾಗಿದೆ.

ಆಯ್ಕೆಯ ಇನ್ನೊಂದು ಅಳತೆಯ ನಂಟೂ ಇದೇ ನೆಲಕ್ಕಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಪಟ್ಟಣದಲ್ಲಿ ಕೋಟೆಯಷ್ಟೇ ಗಮನಾರ್ಹವಾದ ಒಂದು ಹಳೆಯ ಕ್ಯಾಥೊಲಿಕ್ ಚರ್ಚ್ ಇದೆ. ಹದಿನಾರನೆಯ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳಿಂದ ಅದು ಆರಂಭವಾಯಿತೆಂಬ ಪ್ರತೀತಿಯಿದೆ. ಆ ಪಂಥದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಬರೆದು 1548ರಲ್ಲಿ ಮುದ್ರಣವಾದ ಆಧ್ಯಾತ್ಮಿಕ ಅಭ್ಯಾಸಗಳ ಗ್ರಂಥದಲ್ಲಿ ಆಯ್ಕೆಗಾಗಿಯೇ ಮೀಸಲಾದ ಒಂದು ಭಾಗವಿದೆ. ಮೊದಲು ಸಾಧನವನ್ನು ಆರಿಸಿಕೊಂಡು ಗುರಿಯನ್ನು ಅದಕ್ಕೆ ತಕ್ಕಂತೆ ಬಾಗಿಸುವುದು ತಪ್ಪು, ಗುರಿಯನ್ನು ಮುಂದಿಟ್ಟುಕೊಂಡು ಸಾಧನವನ್ನು ಆರಿಸಬೇಕು ಎಂಬುದು ಅಲ್ಲಿಯ ಮೂಲ ನಿಯಮ. ಎರಡು ದಾರಿಗಳ ನಡುವೆ ಮನಸ್ಸು ಹೊಯ್ದಾಡುವಾಗ, ಹಿಂದೆಂದೂ ಕಂಡಿರದ ಅಪರಿಚಿತನೊಬ್ಬ ಇದೇ ಸಂದಿಗ್ಧದಲ್ಲಿ ಬಂದು ಕೇಳಿದರೆ ಯಾವ ಸಲಹೆ ಕೊಡುತ್ತಿದ್ದೆವೆಂದು ಯೋಚಿಸಿ, ಅದನ್ನೇ ಪಾಲಿಸಬೇಕೆಂಬುದು ಅದು ಕಲಿಸುವ ಉಪಾಯ. ಗೆಳೆಯರು ತೆಗೆದುಕೊಂಡರೆಂದೋ, ಅಂಕಗಳು ಸುಲಭವಾಗಿ ಸಿಗುತ್ತವೆಯೆಂದೋ ವಿಷಯವನ್ನು ಆರಿಸುವವರೂ ಅಪರಿಚಿತನಿಗೆ ಆ ಕಾರಣಗಳನ್ನು ಹೇಳಿ ಸಲಹೆ ಕೊಡಲು ಹಿಂಜರಿಯುತ್ತಾರೆ.

ಭಾಷೆಯ ಮಾತನ್ನೂ ಇಲ್ಲಿ ಆಡಲೇಬೇಕು. ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದ ಅಂಬಾಮಠದೊಂದಿಗೆ ಹೆಸರು ಬೆಸೆದುಕೊಂಡಿರುವ ಚಿದಾನಂದ ಅವಧೂತರು ‘ಜ್ಞಾನಸಿಂಧು’ವಿನಲ್ಲಿ ಅದ್ವೈತ ವೇದಾಂತವನ್ನು ಕನ್ನಡದ ಪದ್ಯವಾಗಿಸಿದರು, ಲಿಂಗಸುಗೂರಿನ ಪ್ರಾಣೇಶದಾಸರು ದ್ವೈತ ಸಂಪ್ರದಾಯದೊಳಗೆ ಕನ್ನಡದಲ್ಲಿಯೇ ಹಾಡಿದರು. ಸಂಸ್ಕೃತದಲ್ಲಿ ಕಲಿತದ್ದನ್ನು ಕನ್ನಡದಲ್ಲಿ ತಿಳಿಹೇಳಲು ಬಾರದಿದ್ದರೆ ಆ ಕಲಿಕೆ ಅಪೂರ್ಣವೆಂದು ಭಾವಿಸಿದ ಪರಂಪರೆ ಅದು. ಇಂಗ್ಲಿಷಿನಲ್ಲಿ ವಿನ್ಯಾಸವನ್ನು ಕಲಿಯುವ ಈ ಭಾಗದ ವಿದ್ಯಾರ್ಥಿಗೆ, ಕಲಿತದ್ದನ್ನು ಗದ್ದೆಯ ಬದುವಿನಲ್ಲಿ ನಿಂತವರಿಗೆ ಅವರ ಮಾತಿನಲ್ಲಿ ಹೇಳಬಲ್ಲೆನೇ ಎಂಬ ಪರೀಕ್ಷೆಯೂ ದಾಸೋಹದ ಒಂದು ಅಂಗವೇ ಆಗಿದೆ.

ಈ ಅಳತೆಗಳನ್ನು ನೆಲಕ್ಕೆ ಇಳಿಸಿದರೆ ಕಾಣುವ ಚಿತ್ರ ಬೇರೆಯೇ ಆಗಿರುತ್ತದೆ. ಮುನಿರಾಬಾದಿನಲ್ಲಿ ಆರಂಭವಾಗಿ ಸುಮಾರು 227 ಕಿಲೋಮೀಟರ್ ಹರಿಯುವ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೊನೆಭಾಗದ ರೈತರಿಗೆ ನೀರು ತಲುಪದಿರುವುದು, ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಸವಳು-ಜವಳಾಗುವುದು, ನಾಟಿಯ ಬದಲು ಕೂರಿಗೆಯಿಂದ ಭತ್ತ ಬಿತ್ತುವವರಿಗೆ ಎದುರಾಗುವ ಕಳೆಯ ತೊಂದರೆ, ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಾಳಕ್ಕಿಳಿದು ದುಡಿಯುವವರ ಉಸಿರು ಮತ್ತು ಕಿವಿಗಳ ರಕ್ಷಣೆ, ಇವೆಲ್ಲವೂ ವಿನ್ಯಾಸದ ಪ್ರಶ್ನೆಗಳು. ಇವುಗಳಲ್ಲಿ ಒಂದನ್ನು ಮುಂದಿಟ್ಟುಕೊಂಡು ಪಟ್ಟಿಯನ್ನು ನೋಡುವವರಿಗೆ, ಜಲವಿಜ್ಞಾನವೋ ಮಣ್ಣಿನ ಶಾಸ್ತ್ರವೋ ಸಹಕಾರಿ ವ್ಯವಸ್ಥೆಗಳ ಅಧ್ಯಯನವೋ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ, ಬೇಡವಾದುದನ್ನು ಬಿಡಲು ಸಂಕಟವೂ ಆಗುವುದಿಲ್ಲ. ಹಾಗೆಂದು ಈ ತಾಲ್ಲೂಕುಗಳಲ್ಲಿ ಹುಟ್ಟಿದವರೆಲ್ಲ ಇಲ್ಲಿಯ ಕಷ್ಟಕ್ಕೇ ಕಟ್ಟುಬೀಳಬೇಕೆಂದಲ್ಲ. ಅದು ಕುಲಕಸುಬಿನ ಕಟ್ಟಳೆಯನ್ನೇ ಊರಿನ ಹೆಸರಿನಲ್ಲಿ ಮರಳಿ ತಂದಂತಾಗುತ್ತದೆ. ಸಿಂಧನೂರಿನ ಹುಡುಗ ಅಕ್ಷರವಿನ್ಯಾಸವನ್ನೋ, ಆಟಗಳ ವಿನ್ಯಾಸವನ್ನೋ ಆರಿಸಬಹುದು, ಮಸ್ಕಿಯ ಶಾಸನ ಆ ಸ್ವಾತಂತ್ರ್ಯವನ್ನು ಅವನಿಗೆ ಕೊಟ್ಟಿದೆ. ಯಾರಿಗೆ ಸಲ್ಲಿಸಲು ಎಂಬ ಲಕ್ಕಮ್ಮನ ಪ್ರಶ್ನೆ ಮಾತ್ರ ಅವನನ್ನು ಅಲ್ಲಿಯೂ ಬಿಡುವುದಿಲ್ಲ.

ಹೊಣೆ ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಯಾರೂ ಆರಿಸಲಾರರು. ರಾಯಚೂರಿನಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಐಐಐಟಿಯೂ ಬಂದಿದೆ. ಕಾಲುವೆಯ ಕೊನೆಭಾಗವನ್ನೂ ಗಣಿಯ ಆಳವನ್ನೂ ಪಾಠವಾಗಿಸುವ ಐಚ್ಛಿಕ ವಿಷಯಗಳನ್ನು ವಿನ್ಯಾಸ ಸಂಸ್ಥೆಗಳು ಇವುಗಳ ಜೊತೆಗೂಡಿ ರೂಪಿಸಲು ಅಡ್ಡಿಯೇನೂ ಇಲ್ಲ. ಹಾಗೆ ರೂಪಿಸುವವರು ಮೊದಲು ಸಿಂಧನೂರಿಗೆ, ಲಿಂಗಸುಗೂರಿಗೆ, ಮಸ್ಕಿಗೆ ಬಂದು, ಇಲ್ಲಿಯವರ ಮಾತನ್ನು ಕನ್ನಡದಲ್ಲಿಯೇ ಕೇಳಿಸಿಕೊಂಡು ಪಠ್ಯವನ್ನು ಬರೆಯಬೇಕು.